ರಹದಾರಿ ಕೇಳಿದವರ ಕಡಲು: ಹೊನ್ನಾವರದಿಂದ ಅಲಿಬಾಗಿಗೆ ಏಳು ದಿನ

ಮೊದಲ ದಿನ: ಹೊನ್ನಾವರ

ಬೆಳಿಗ್ಗೆ ಆರೂವರೆಗೆ ಕಾಸರಕೋಡ ಟೊಂಕದ ಧಕ್ಕೆಗೆ ಹೋದರೆ ಮಾವ ಆಗಲೇ ಬಂದು ನಿಂತಿದ್ದರು. ಹೆಗಲಿಗೊಂದು ಚೀಲ. ಅಂಗಿಯ ಜೇಬಿನಲ್ಲಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಮೀನುಗಾರರ ಗುರುತಿನ ಕಾರ್ಡು. ಮೂವತ್ತು ವರ್ಷ ಬೋಟಿನಲ್ಲಿ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ ಇದ್ದವರು ಅವರು. ಕಡಲಿಗೆ ಇಳಿಯುವುದು ಬಿಟ್ಟು ಆರು ವರ್ಷವಾಯಿತು.

“ಕಾರ್ಡು ಯಾಕೆ ಮಾವ? ನಾವು ಹೋಗೋದು ಕಾರಿನಲ್ಲಲ್ವಾ?”

“ಇರ್ಲಿ ತಮಾ. ಕಡಲ ಬದಿಗೆ ಹೋಗುವವ ಕಾಗದ ಇಟ್ಟುಕೊಂಡೇ ಹೋಗಬೇಕು.”

ಪಶ್ಚಿಮ ಕರಾವಳಿಯ ಕಡಲುಗಳ್ಳರ ಜಾಡು ಹಿಡಿದು ಹೊನ್ನಾವರದಿಂದ ಮುಂಬೈ ಬದಿಯ ಅಲಿಬಾಗ್‌ವರೆಗೆ ಹೋಗಬೇಕೆಂಬುದು ನನ್ನ ಹತ್ತು ವರ್ಷದ ಆಸೆ. ಗೆದ್ದವರ ಗ್ರಂಥಗಳಲ್ಲಿ ‘ಕಳ್ಳ’ ಎಂದು ದಾಖಲಾದವರ ಪೈಕಿ ಎಷ್ಟು ಜನ ನಿಜಕ್ಕೂ ಕಳ್ಳರು ಎಂಬ ಪ್ರಶ್ನೆ ನನ್ನ ತಲೆಯಲ್ಲಿತ್ತು. ಓದಿಕೊಂಡದ್ದು ಸಾಕಷ್ಟಿತ್ತು, ಆದರೆ ಕಡಲು ನೋಡಿ ಅರ್ಥ ಹೇಳಬಲ್ಲವರು ಜೊತೆಗೆ ಬೇಕಿತ್ತು. ಅದಕ್ಕೇ ಮಾವ.

ಶರಾವತಿಯ ಅಳಿವೆ ಎದುರಿಗೇ ಇತ್ತು. ನೀರಿನ ನಡುವೆ ಬೆಳ್ಳಗೆ ನೊರೆಯ ಗೆರೆಯೊಂದು ಎದ್ದು ಮುರಿಯುತ್ತಿತ್ತು. ಮಾವ ಅದಕ್ಕೇ ಬೆರಳು ಮಾಡಿದರು. “ಅದರ ಅಡಿಗೆ ಮರಳು. ಭರತದ ಹೊತ್ತಿಗೆ, ನೀರು ಏರುವಾಗ, ಗೊತ್ತಿದ್ದವ ಒಳಗೆ ಬರ್ತಾನೆ. ಗೊತ್ತಿಲ್ಲದವನ ಬೋಟು ಅಲ್ಲೇ ಒಡೀತದೆ.” ಬೆಳಗಿನ ಜಾವ ನೆಲದ ಕಡೆಯಿಂದ ಮೂಡುಗಾಳಿ ಬೀಸಿ ದೋಣಿಯನ್ನು ಹೊರಗೆ ಒಯ್ಯುತ್ತದೆ, ಮಧ್ಯಾಹ್ನ ಕಳೆದ ಮೇಲೆ ಪಡುಗಾಳಿ ವಾಪಸು ತರುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಈ ಎರಡು ಗಾಳಿ ಮತ್ತು ಆ ಒಂದು ನೊರೆಗೆರೆ ಗೊತ್ತಿದ್ದವನಿಗೆ ದೊಡ್ಡ ಹಡಗಿನ ಭಯವಿರಲಿಲ್ಲ. ಭಾರದ ಹಡಗು ಆಳದ ನೀರಿನಲ್ಲೇ ನಿಲ್ಲಬೇಕು. ಹಗುರ ದೋಣಿ ಬಂದು, ಬೇಕಾದ್ದು ತೆಗೆದುಕೊಂಡು, ನದಿಯೊಳಗೆ ನುಗ್ಗಿ ಮರೆಯಾಗುತ್ತದೆ. ಗುಜರಾತದಿಂದ ಕೇರಳದವರೆಗೂ ಈ ಕರಾವಳಿಯ ಕಡಲುಗಳ್ಳತನದ ಒಳಗುಟ್ಟು ಇಷ್ಟೇ.

14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇಲ್ಲಿ ಕಂಡೆ ಎಂದು ಬರೆದಿದ್ದಾನೆ. ಅದನ್ನು ನಾವು ಹೊನ್ನಾವರದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವನೇ ಬರೆದ ಇನ್ನೊಂದು ಸಂಗತಿ ಯಾರ ಬಾಯಲ್ಲೂ ಬರುವುದಿಲ್ಲ. ಹೊನ್ನಾವರಕ್ಕೂ ಬಾರಕೂರಿಗೂ ನಡುವೆ ಒಂದು ಸಣ್ಣ ದ್ವೀಪದ ಹತ್ತಿರ ಹನ್ನೆರಡು ಹಡಗುಗಳು ಅವನನ್ನು ಸುತ್ತುವರಿದವು. ಸಿಂಹಳದ ಅರಸ ಕೊಟ್ಟ ರತ್ನಗಳು, ಬಟ್ಟೆಬರೆ, ಬುತ್ತಿ ಎಲ್ಲ ಹೋಗಿ ಮೈಮೇಲೆ ಉಳಿದದ್ದು ಒಂದು ಷರಾಯಿ.

ಬಾರಕೂರಿನ ಬಗ್ಗೆ ಅವನು ಹೇಳುವ ಮಾತು ಇದಕ್ಕಿಂತ ಮುಖ್ಯ. ಆ ಬಂದರಿನ ಮುಂದೆ ಹಾಯುವ ಯಾವ ಹಡಗೇ ಆದರೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು. ಅದು ‘ಬಂದರಿನ ಹಕ್ಕು’. ಕೊಡದೆ ಹೋದರೆ ಅರಸನ ಹಡಗುಗಳು ಬೆನ್ನಟ್ಟಿ ಎಳೆದು ತಂದು ಎರಡರಷ್ಟು ವಸೂಲಿ ಮಾಡುತ್ತವೆ. ಆ ಹಡಗುಗಳ ನಾಯಕನನ್ನು ಬತೂತ ಕಡಲುಗಳ್ಳನೆಂದೇ ಕರೆಯುತ್ತಾನೆ. ಅರಸನ ಕಡೆಯಿಂದ ನೋಡಿದರೆ ಅವನು ಸುಂಕದ ಅಧಿಕಾರಿ. ಸುಂಕಕ್ಕೂ ಸುಲಿಗೆಗೂ ನಡುವಿನ ಗೆರೆ ಎಲ್ಲಿದೆ ಎಂದು ಈ ಏಳೂ ದಿನ ನಾನು ಹುಡುಕಿದೆ.

ಸಂಜೆ ಅಳಿವೆಯ ಬದಿ ಕೂತು ತಿಮ್ಮಯ್ಯನ ಕಥೆ ಹೇಳಿದೆ. ಪೋರ್ಚುಗೀಸರ ಬಾಯಲ್ಲಿ ಅವನು ‘ತಿಮೋಜ’. ವಿಜಯನಗರದ ದಂಡಿಗೆ ಅರಬ್ಬೀ ಕುದುರೆ ಬೇಕು, ಕುದುರೆ ಬರುವುದು ಕಡಲ ದಾರಿಯಲ್ಲಿ. ಭಟ್ಕಳ, ಹೊನ್ನಾವರಕ್ಕೆ ಬಂದರೆ ವಿಜಯನಗರಕ್ಕೆ. ಗೋವೆಗೆ ಹೋದರೆ ಎದುರಾಳಿ ಸುಲ್ತಾನರಿಗೆ. ಗೋವೆಯ ದಾರಿ ಹಿಡಿದ ಹಡಗುಗಳನ್ನು ಅಡ್ಡಗಟ್ಟುವುದು ತಿಮ್ಮಯ್ಯನ ಕೆಲಸವಾಗಿತ್ತು. ಅವನ ಹೆಸರಿನ ಒಂದು ಫಲಕವೂ ಇಂದು ಊರಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನನಗೆ ನೋವಾಯಿತು.

ಎರಡನೇ ದಿನ: ಕಾರವಾರ

ಅಂಕೋಲೆ ದಾಟಿ ಬಿಣಗಾ ಬರುವಾಗ ಎಡಕ್ಕೆ ಕಡಲಲ್ಲಿ ಅಂಜದೀವ ದ್ವೀಪ. ಈಗ ನೌಕಾಪಡೆಯ ನೆಲೆಗೆ ಸೇರಿದ ಜಾಗ, ನಮ್ಮಂಥವರಿಗೆ ಪ್ರವೇಶವಿಲ್ಲ. ದೂರದಿಂದಲೇ ನೋಡಿದೆವು.

1498ರಲ್ಲಿ ವಾಸ್ಕೋ ಡ ಗಾಮ ವಾಪಸು ಹೋಗುವಾಗ ಹಡಗಿನ ತಳ ತಿಕ್ಕಿ ದುರಸ್ತಿ ಮಾಡಿಕೊಳ್ಳಲು ಇಲ್ಲಿ ನಿಂತಿದ್ದ. ಆಗ ತಿಮ್ಮಯ್ಯ ಎಂಟು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಸೊಪ್ಪುಸದೆ ಹೊದಿಸಿ, ತೇಲುವ ಕುದುರಿನಂತೆ (ನಡುಗಡ್ಡೆಯಂತೆ) ಕಾಣಿಸಿಕೊಂಡು ಹತ್ತಿರ ಬಂದನಂತೆ. ಗಾಮನಿಗೆ ಅನುಮಾನ ಬಂದು ಫಿರಂಗಿ ಹಾರಿಸಿದ, ದೋಣಿಗಳು ಚದುರಿದವು. ಇದು ಪೋರ್ಚುಗೀಸ್ ಚರಿತ್ರೆಕಾರರು ಬರೆದಿಟ್ಟ ಕಥೆ. ಮಾವ ಕಣ್ಣು ಸಣ್ಣ ಮಾಡಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಮಳೆಗಾಲ ಮುಗಿದ ಹೊತ್ತಲ್ವಾ? ಹೊಳೆಯಿಂದ ಮರಗಿಡ ತೇಲಿ ಬರೋ ಕಾಲ ಅದು. ಚೂರು ನಿಧಾನ ಬಂದಿದ್ರೆ ಗುರ್ತು ಸಿಗ್ತಿರ್ಲಿಲ್ಲ” ಅಂದರು. ಗಾಮ ಅಂಜದೀವದಲ್ಲಿದ್ದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ. ಮಾವನಿಗೆ ನಾನು ತಿಂಗಳು ಹೇಳಿರಲೇ ಇಲ್ಲ, ಅವರು ತಂತ್ರದಿಂದಲೇ ಕಾಲ ಹಿಡಿದಿದ್ದರು.

ಮಧ್ಯಾಹ್ನ ಕಾಳಿ ನದಿಯ ದಂಡೆಯಲ್ಲಿ ಕಡವಾಡದ ಕಡೆ ಹೋದೆವು. 17ನೇ ಶತಮಾನದಲ್ಲಿ ಕಾರವಾರ ಸೀಮೆಯಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮನೆ ಇತ್ತು. ಕಾಳುಮೆಣಸು ಮತ್ತು ಒಳನಾಡಿನ ಬಟ್ಟೆ ಇಲ್ಲಿಂದ ಹಡಗೇರುತ್ತಿದ್ದವು. ಈಗ ನೋಡಲು ಏನೂ ಉಳಿದಿಲ್ಲ, ತೆಂಗು ಮತ್ತು ಗದ್ದೆ. ಆದರೂ ಈ ಜಾಗದಲ್ಲಿ ಅರ್ಧ ದಿನ ಕಳೆದೆ, ಯಾಕೆಂದರೆ ಲೋಕಪ್ರಸಿದ್ಧನಾದ ಕ್ಯಾಪ್ಟನ್ ವಿಲಿಯಂ ಕಿಡ್ ಬಂದು ನಿಂತ ಬಂದರು ಇದು.

1695ರಲ್ಲಿ ಹೆನ್ರಿ ಎವ್ರಿ ಎಂಬ ಇಂಗ್ಲಿಷ್ ಕಡಲುಗಳ್ಳ ಮೆಕ್ಕಾದಿಂದ ಯಾತ್ರಿಕರನ್ನು ಹೊತ್ತು ತರುತ್ತಿದ್ದ ಔರಂಗಜೇಬನ ಗಂಜ್-ಇ-ಸವಾಯಿ ಹಡಗನ್ನು ಲೂಟಿ ಮಾಡಿದ. ಸಿಟ್ಟಿಗೆದ್ದ ಮೊಗಲರು ಸೂರತ್ತಿನ ಇಂಗ್ಲಿಷ್ ವರ್ತಕರನ್ನು ಸೆರೆಗೆ ಹಾಕಿದರು. ಇಂಥ ಕಳ್ಳರನ್ನೂ ಶತ್ರುಗಳಾದ ಫ್ರೆಂಚರ ಹಡಗುಗಳನ್ನೂ ಹಿಡಿಯಲು ಇಂಗ್ಲೆಂಡಿನ ಅರಸನ ಸನ್ನದು ಪಡೆದು ಹೊರಟವನು ಕಿಡ್. ಸನ್ನದು ಕೈಯಲ್ಲಿದ್ದರೆ ಖಾಸಗಿ ಹಡಗಿನವನು ಶತ್ರುವಿನ ಹಡಗು ಹಿಡಿದು ಮಾಲು ಹಂಚಿಕೊಳ್ಳಬಹುದು, ಅದು ಕಳ್ಳತನವಲ್ಲ. ಹಿಡಿಯದಿದ್ದರೆ ಖಲಾಸಿಗಳಿಗೆ ಸಂಬಳವೂ ಇಲ್ಲ. 1697ರ ಸೆಪ್ಟೆಂಬರಿನಲ್ಲಿ ಕಟ್ಟಿಗೆ, ನೀರು ತುಂಬಿಕೊಳ್ಳಲು ಅವನ ಅಡ್ವೆಂಚರ್ ಗ್ಯಾಲಿ ಕಾರವಾರಕ್ಕೆ ಬಂತು. ಕೆಲವು ಖಲಾಸಿಗಳು ಇಲ್ಲೇ ಅವನನ್ನು ಬಿಟ್ಟು ಓಡಿ, ನಮ್ಮ ಕಪ್ತಾನ ಕಳ್ಳನಾಗಿದ್ದಾನೆ ಎಂದು ಕೋಠಿಯವರಿಗೆ ಹೇಳಿದರು.

1698ರ ಜನವರಿಯಲ್ಲಿ ಕಿಡ್ ಆರ್ಮೇನಿಯನ್ ವರ್ತಕರ ಮಾಲು ತುಂಬಿದ್ದ ಕ್ವೆಡಾ ಮರ್ಚಂಟ್ ಹಡಗನ್ನು ಹಿಡಿದ. ಆ ಹಡಗಿನಲ್ಲಿ ಫ್ರೆಂಚರು ಕೊಟ್ಟ ರಹದಾರಿ, ಅಂದರೆ ಕಡಲಲ್ಲಿ ಹಾಯಲು ಅನುಮತಿಯ ಕಾಗದ ಇತ್ತು. ಫ್ರೆಂಚ್ ರಹದಾರಿಯ ಹಡಗು ಎಂದರೆ ಶತ್ರುವಿನ ಹಡಗು, ಹಿಡಿದದ್ದು ನ್ಯಾಯ ಎಂಬುದು ಅವನ ವಾದ. ಲಂಡನ್ನಿನಲ್ಲಿ ವಿಚಾರಣೆ ನಡೆದಾಗ ಆ ರಹದಾರಿಗಳು ಅವನ ಕೈಗೆ ಸಿಗಲಿಲ್ಲ. 1701ರ ಮೇ 23ರಂದು ವ್ಯಾಪಿಂಗ್‌ನಲ್ಲಿ ನೇಣಿಗೆ ಹಾಕಿದರು; ಮೊದಲ ಸಲ ಹಗ್ಗ ಹರಿಯಿತು, ಎರಡನೇ ಸಲ ಹಾಕಿದರು. ಆ ಕಾಗದಗಳು 20ನೇ ಶತಮಾನದಲ್ಲಿ ಲಂಡನ್ನಿನ ಸರಕಾರಿ ದಫ್ತರದಲ್ಲೇ ಸಿಕ್ಕವು. ಕಿಡ್ ನಿರಪರಾಧಿ ಎಂದು ನಾನು ಹೇಳಲಾರೆ. ಲಕ್ಷದ್ವೀಪದ ಜನರ ಮೇಲೆ ಅವನ ಕಡೆಯವರು ನಡೆಸಿದ ದೌರ್ಜನ್ಯ ಯಾವ ರಹದಾರಿಯಿಂದಲೂ ತೊಳೆದುಹೋಗದು. ಆದರೂ ಕಪಾಟಿನೊಳಗೆ ಕೂತ ಒಂದು ಕಾಗದ ಒಬ್ಬನ ಪ್ರಾಣದ ಪ್ರಶ್ನೆಯಾಗಿತ್ತು ಎಂಬುದನ್ನು ನೆನೆದರೆ ಮೈ ಜುಂ ಅನ್ನುತ್ತದೆ.

ಇದೇ ಕೋಠಿಗೆ 1709ರಲ್ಲಿ ಕ್ಯಾಥರೀನ್ ಕುಕ್ ಎಂಬ ಹುಡುಗಿ ಬಂದಿಳಿದಳು. ಹದಿಮೂರೋ ಹದಿನಾಲ್ಕೋ ವಯಸ್ಸು. ಅಪ್ಪಅಮ್ಮನ ಜೊತೆ ಬಂಗಾಳಕ್ಕೆ ಹೊರಟ ಹಡಗು ಕಾರವಾರದಲ್ಲಿ ನಿಂತಿತು. ಕೋಠಿಯ ಮುಖ್ಯಸ್ಥ ಜಾನ್ ಹಾರ್ವಿ ಅವಳಿಗಿಂತ ಎಷ್ಟೋ ಹಿರಿಯ, ಹಣವಂತ. ಹುಡುಗಿಯನ್ನು ಅವನಿಗೆ ಮದುವೆ ಮಾಡಿಕೊಟ್ಟು ಹೆತ್ತವರು ಮುಂದೆ ಹೋದರು. ಹಾರ್ವಿ ಬೇಗ ತೀರಿಕೊಂಡ. ಆಮೇಲೆ ಥಾಮಸ್ ಚೌನ್ ಎಂಬವನನ್ನು ಮದುವೆಯಾದಳು, ಅವನಿಗೆ ಕಾರವಾರದ ಹುದ್ದೆಯೇ ಸಿಕ್ಕಿತು. 1712ರ ನವೆಂಬರಿನಲ್ಲಿ ಮುಂಬೈಯಿಂದ ಇಬ್ಬರೂ ಇಲ್ಲಿಗೆ ಮರಳುವಾಗ ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಹಡಗುಗಳು ಮೇಲೆ ಬಿದ್ದವು. ಗುಂಡು ತಗಲಿ ತೋಳು ಕಿತ್ತುಹೋದ ಚೌನ್ ಹೆಂಡತಿಯ ಕೈಯಲ್ಲೇ ಪ್ರಾಣ ಬಿಟ್ಟ. ಅವಳನ್ನು ಅಲಿಬಾಗಿಗೆ ಸೆರೆ ಒಯ್ದರು. ನಮ್ಮ ಪಯಣದ ಕೊನೆಯ ಊರು ಅದೇ.

ಮೂರನೇ ದಿನ: ಹಳೇ ಗೋವೆ

ಚರ್ಚುಗಳ ಜನಸಂದಣಿ ದಾಟಿ ಸೇಂಟ್ ಕ್ಯಾಥರೀನ್ ಚಾಪೆಲ್‌ಗೆ ಹೋದೆವು. ಕೆಂಪು ಜಂಬಿಟ್ಟಿಗೆಯ ಸಣ್ಣ ಕಟ್ಟಡ. 1510ರ ನವೆಂಬರ್ 25ರಂದು ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಡಿ ಆಲ್ಬುಕರ್ಕ್ ಈ ಬಾಗಿಲ ಜಾಗದಿಂದ ಊರು ಹೊಕ್ಕ ಎಂಬ ಶಾಸನ ಗೋಡೆಯಲ್ಲಿದೆ.

ಆ ವರ್ಷದ ಆರಂಭದಲ್ಲಿ ಅವನ ಹಡಗುಗಳು ಹೊರಟಿದ್ದದ್ದು ಕೆಂಪು ಸಮುದ್ರಕ್ಕೆ. ಗೋವೆಯಲ್ಲಿ ಆದಿಲ್‌ಶಾಹಿ ಕಾವಲು ಸಡಿಲವಾಗಿದೆ, ಈಗ ಬಂದರೆ ನಿನ್ನದೇ ಎಂದು ದಾರಿ ತಿರುಗಿಸಿದವನು ನಮ್ಮ ತಿಮ್ಮಯ್ಯ. ಫೆಬ್ರುವರಿಯಲ್ಲಿ ಊರು ಸುಲಭವಾಗಿ ಸಿಕ್ಕಿತು, ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಬಂದು ಕಿತ್ತುಕೊಂಡಿತು. ಮಳೆಗಾಲ ಶುರುವಾಗಿ ಅಳಿವೆ ದಾಟಲಾಗದೆ ಪೋರ್ಚುಗೀಸರು ಮಾಂಡವಿ ನದಿಯಲ್ಲೇ ಆಗಸ್ಟ್‌ವರೆಗೆ ಹಸಿವಿನಲ್ಲಿ ಬಿದ್ದಿದ್ದರು. ನವೆಂಬರಿನಲ್ಲಿ ಮತ್ತೆ ಬಂದು ಗೆದ್ದಾಗ ಊರಿನ ಮುಸಲ್ಮಾನರನ್ನು ಹೆಂಗಸರು, ಮಕ್ಕಳೆನ್ನದೆ ಕೊಂದರು. ಕೊಂದೆ ಎಂದು ಆಲ್ಬುಕರ್ಕನೇ ತನ್ನ ದೊರೆಗೆ ಕಾಗದ ಬರೆದಿದ್ದಾನೆ. ತಿಮ್ಮಯ್ಯನಿಗೆ ಗೋವೆಯ ಠಾಣೇದಾರಿಕೆ ಸಿಕ್ಕಿ, ಬೇಗನೆ ಕೈತಪ್ಪಿತು. ಈ ಪರದೇಶದವರು ಲೂಟಿ ಮಾಡಿ ಹೊರಟುಹೋಗುತ್ತಾರೆ, ಊರು ನನಗೆ ಉಳಿಯುತ್ತದೆ ಎಂದು ಅವನು ಎಣಿಸಿದ್ದಿರಬೇಕು ಅನಿಸುತ್ತದೆ ನನಗೆ. ಅವರು 1961ರವರೆಗೆ ಇದ್ದರು.

ಮಾಂಡವಿಯ ಬದಿಯ ವೈಸರಾಯ್ ಕಮಾನಿನ ಮೇಲೆ ಗಾಮನ ಪ್ರತಿಮೆ ಇದೆ. ಅದರ ಕೆಳಗೆ ನಿಂತು ಮಾವನಿಗೆ ‘ಕಾರ್ತಾಜ್’ ವಿವರಿಸಿದೆ. ಪೋರ್ಚುಗೀಸರಿಂದ ರಹದಾರಿ ಕೊಳ್ಳದೆ ಯಾವ ವರ್ತಕನೂ ಅರಬ್ಬೀ ಕಡಲಲ್ಲಿ ಹಾಯಿ ಬಿಚ್ಚುವಂತಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಜನ, ಯಾವ ಆಯುಧ ಎಲ್ಲ ಅದರಲ್ಲಿ ಬರೆಸಬೇಕು. ಪೋರ್ಚುಗೀಸ್ ಬಂದರಿಗೆ ಬಂದು ಸುಂಕ ಕಟ್ಟಬೇಕು. ಕಾಗದ ಇಲ್ಲದಿದ್ದರೆ ಹಡಗು, ಮಾಲು ಜಪ್ತಿ. ಬಾರಕೂರಿನ ಅರಸ ತನ್ನ ಬಂದರಿನ ಮುಂದೆ ಮಾಡಿದ್ದನ್ನು ಇವರು ಇಡೀ ಸಮುದ್ರಕ್ಕೆ ಹಬ್ಬಿಸಿದರು, ಮತ್ತು ತಮ್ಮ ಕಾಗದಕ್ಕೆ ತಲೆಬಾಗದವರಿಗೆಲ್ಲ ಕಡಲುಗಳ್ಳರೆಂದು ಹೆಸರಿಟ್ಟರು.

ನಾಲ್ಕನೇ ದಿನ: ಮಾಲ್ವಣ

ಮಾಲ್ವಣದ ಬೋಟಿನವರ ಜೊತೆ ಮಾವ ಕೊಂಕಣಿಯಲ್ಲಿ ಮಾತಿಗಿಳಿದರು, ಅವರು ಮಾಲ್ವಣಿಯಲ್ಲಿ ಉತ್ತರಿಸಿದರು. ನಮ್ಮ ಬಂಗುಡೆ ಅವರ ಬಾಂಗಡಾ. ಡೀಸೆಲ್ ದರ, ಮೀನಿನ ಬರ ಎಲ್ಲ ಮಾತಾಡಿ ಮುಗಿಯುವ ಹೊತ್ತಿಗೆ ಸಿಂಧುದುರ್ಗ ಬಂತು.

ಶಿವಾಜಿ 1664ರಲ್ಲಿ ಕುರ್ಟೆ ದ್ವೀಪದ ಮೇಲೆ ಕಟ್ಟಲು ತೊಡಗಿದ ಕೋಟೆ ಇದು. ಬಾಗಿಲು ಹತ್ತಿರ ಬರುವವರೆಗೂ ಕಾಣುವುದಿಲ್ಲ, ಎರಡು ಬುರುಜುಗಳ ನಡುವೆ ಅಡಗಿದೆ. ಸುತ್ತ ಉಪ್ಪುನೀರಿದ್ದರೂ ಒಳಗೆ ಹಾಲು, ಮೊಸರು, ಸಕ್ಕರೆ ಎಂದು ಹೆಸರಿಟ್ಟ ಸಿಹಿನೀರಿನ ಬಾವಿಗಳು. ಮಾವ ಒಂದರ ನೀರು ಕುಡಿದು ತಲೆದೂಗಿದರು. ಕೋಟೆ ಕಟ್ಟುತ್ತಿರುವಾಗಲೇ, 1665ರ ಫೆಬ್ರುವರಿಯಲ್ಲಿ, ಶಿವಾಜಿ 85 ಸಣ್ಣ ಹಡಗು, 3 ದೊಡ್ಡ ಹಡಗುಗಳೊಡನೆ ನಮ್ಮ ಬಸರೂರಿನ ಮೇಲೆ ಬಿದ್ದು ಲೂಟಿ ಮಾಡಿ, ಹಿಂದಿರುಗುವಾಗ ಗೋಕರ್ಣಕ್ಕೆ ಹೋಗಿದ್ದರು. ಬಸರೂರಿನ ವರ್ತಕರು ಅಂದು ಆ ಹಾಯಿಗಳನ್ನು ಯಾವ ಹೆಸರಿನಿಂದ ಕರೆದಿರಬಹುದು? ಈ ಮಾತನ್ನು ಮಾಲ್ವಣದಲ್ಲಿ ಜೋರಾಗಿ ಆಡಲಿಲ್ಲ, ಆದರೆ ಬಿಟ್ಟು ಬರೆಯುವುದೂ ಸರಿಯಲ್ಲ.

ಐದನೇ ದಿನ: ವಿಜಯದುರ್ಗ

ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ನೆಟ್ಟದ್ದು ಇಲ್ಲಿ. ವಾಘೋಟನ್ ನದಿಯ ಮುಖದಲ್ಲಿ ಮೂರು ಸುತ್ತಿನ ಗೋಡೆ, ಕಡಲಿಗೆ ಮೈಯೊಡ್ಡಿದ ಕಪ್ಪು ಕಲ್ಲು. ಶಿಲಾಹಾರರ ಕಾಲದ ಕೋಟೆಯನ್ನು ಶಿವಾಜಿ ಆದಿಲ್‌ಶಾಹಿಯಿಂದ ಗೆದ್ದು ಬಲಪಡಿಸಿದರು, ಆಮೇಲೆ ಅದು ಆಂಗ್ರೆಗಳ ಮುಖ್ಯ ನೆಲೆಯಾಯಿತು. ಇಂಗ್ಲಿಷರು ಇದನ್ನು ಘೇರಿಯಾ ಎಂದು ಕರೆದರು. ಗೋಡೆಯಲ್ಲಿ ಇಂದಿಗೂ ಗುಂಡು ತಗಲಿದ ಕುಳಿಗಳಿವೆ. ಹತ್ತಿರದ ಗಿರ್ಯೆಯ ಕೊಲ್ಲಿಯಲ್ಲಿ ಬಂಡೆ ಕೊರೆದು ಮಾಡಿದ ಹಡಗುಕಟ್ಟೆ ಇದೆ. ಭರತದಲ್ಲಿ ಹಡಗು ಒಳಗೆ ಬರಬೇಕು, ಇಳಿತದಲ್ಲಿ ಒಣನೆಲದ ಮೇಲೆ ದುರಸ್ತಿಯಾಗಬೇಕು. ಮಾವ ಆ ಕಲ್ಲಿನ ಮೇಲೆ ಕೈಯಾಡಿಸುತ್ತಾ ಬಹಳ ಹೊತ್ತು ಕೂತರು.

ಕಾನ್ಹೋಜಿ ಆಂಗ್ರೆ ಮರಾಠರ ಸರಖೇಲ, ಅಂದರೆ ನೌಕಾಪಡೆಯ ಅಧಿಪತಿ. ಅವನ ಹಡಗುಗಳು ಎರಡು ಬಗೆ. ಗುರಾಬ್ ಎಂದರೆ ಎರಡು ಮೂರು ಕೂವೆಯದು (ಹಾಯಿಕಂಬದ್ದು), ಮೂತಿ ತಗ್ಗಾಗಿ ಮುಂದಕ್ಕೆ ಚಾಚಿರುತ್ತದೆ, ಮುಂದಕ್ಕೇ ಹಾರಿಸುವ ಎರಡು ದೊಡ್ಡ ತೋಪು. ಗಲ್ಬತ್ ಎಂದರೆ ನಲವತ್ತು ಐವತ್ತು ಹುಟ್ಟುಗಳ ಹಗುರ ದೋಣಿ. ಗಾಳಿ ನಿಂತ ಹೊತ್ತಿನಲ್ಲಿ ದೊಡ್ಡ ಯುರೋಪಿಯನ್ ಹಡಗು ಕದಲಲಾರದು. ಅದರ ತೋಪುಗಳಿರುವುದು ಎರಡು ಮಗ್ಗುಲಿಗೆ. ಗಲ್ಬತ್‌ಗಳು ಗುರಾಬನ್ನು ಎಳೆದು ತಂದು ಹಿಂಬದಿಯಿಂದ ಹೊಡೆಯುತ್ತಿದ್ದವು, ಆಮೇಲೆ ಸುತ್ತುಗಟ್ಟಿ ಹತ್ತುತ್ತಿದ್ದವು. “ನೋಡಿದ್ಯಾ, ಹೊನ್ನಾವರದಲ್ಲಿ ಹೇಳಿದ್ದೇ ಇದು” ಎಂದರು ಮಾವ.

ಕಾನ್ಹೋಜಿಯೂ ರಹದಾರಿ ಮಾರಿದ. ಅವನ ದಸ್ತಕವಿಲ್ಲದೆ ಕೊಂಕಣದ ನೀರಿನಲ್ಲಿ ಹೋಗುವವರನ್ನು ಹಿಡಿದ. ಇಂಗ್ಲಿಷರು ಸಹ ತಮ್ಮ ಪಾಸು ಕೊಡುತ್ತಿದ್ದರು, ಆ ಪಾಸಿನಡಿ ಹೋಗುತ್ತಿದ್ದ ದೇಶೀ ವರ್ತಕರ ಹಡಗುಗಳಿಗೆ ಕಾನ್ಹೋಜಿ ಬೆಲೆ ಕೊಡಲಿಲ್ಲ. ಜಗಳವೆಲ್ಲ ಅಲ್ಲಿಂದ ಹುಟ್ಟಿತು. ಒಬ್ಬರ ರಹದಾರಿಯನ್ನು ಇನ್ನೊಬ್ಬರು ಒಪ್ಪಲಿಲ್ಲ, ನಡುವೆ ಸಿಕ್ಕ ವರ್ತಕ ಎರಡೂ ಕಡೆ ತೆತ್ತ. ಇಂಗ್ಲಿಷ್ ಪುಸ್ತಕಗಳು ಕಾನ್ಹೋಜಿಯನ್ನು ಕಡಲುಗಳ್ಳ ಎಂದಾಗ ನನ್ನ ರಕ್ತ ಕುದಿಯುತ್ತದೆ. ಹಾಗೆಂದು ಅವನು ಒತ್ತೆಹಣಕ್ಕಾಗಿ ಜನರನ್ನು ಸೆರೆಯಿಟ್ಟದ್ದನ್ನು ಮುಚ್ಚಿಡಲಾರೆ. 1717ರಲ್ಲಿ ಒಮ್ಮೆ, 1720ರಲ್ಲಿ ಮತ್ತೊಮ್ಮೆ ಮುಂಬೈಯ ಇಂಗ್ಲಿಷರು ಈ ಕೋಟೆಯ ಮೇಲೆ ಬಂದು ಬರಿಗೈಯಲ್ಲಿ ಹೋದರು. 1729ರಲ್ಲಿ ಸಾಯುವವರೆಗೆ ಅವನು ಸೋಲಲಿಲ್ಲ.

ಸೋತದ್ದು ಮಗ ತುಳಾಜಿ. ಪೇಶ್ವೆಗೂ ತುಳಾಜಿಗೂ ಆಗಿಬರಲಿಲ್ಲ, ಪೇಶ್ವೆ ಇಂಗ್ಲಿಷರೊಂದಿಗೆ ಕೈಜೋಡಿಸಿದ. 1756ರ ಫೆಬ್ರುವರಿಯಲ್ಲಿ ಅಡ್ಮಿರಲ್ ವಾಟ್ಸನ್, ರಾಬರ್ಟ್ ಕ್ಲೈವ್ ಬಂದರು. ಆಂಗ್ರೆಗಳ ಹಡಗುಗಳೆಲ್ಲ ನದಿಯಲ್ಲಿ ಒಟ್ಟಾಗಿ ನಿಂತಿದ್ದವು. ಅವುಗಳ ನಡುವೆ ಹಿಂದೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯಿಂದಲೇ ಕಿತ್ತುಕೊಂಡ ರೆಸ್ಟೋರೇಶನ್ ಎಂಬ ಹಡಗಿತ್ತು. ಬೆಂಕಿಗುಂಡು ಬಿದ್ದದ್ದು ಅದಕ್ಕೆ. ಅದರಿಂದ ಪಕ್ಕದ್ದಕ್ಕೆ, ಪಕ್ಕದ್ದರಿಂದ ಇನ್ನೊಂದಕ್ಕೆ ಹತ್ತಿ, ಎರಡು ತಲೆಮಾರು ಕಟ್ಟಿದ ಪಡೆ ಸುಟ್ಟು ಬೂದಿಯಾಯಿತು. ಮುತ್ತಿಗೆಗೆ ಹೊರಡುವ ಮೊದಲೇ ಇಂಗ್ಲಿಷ್ ಅಧಿಕಾರಿಗಳು ಸಭೆ ಸೇರಿ ಸಿಕ್ಕುವ ಲೂಟಿಯಲ್ಲಿ ಯಾರಿಗೆಷ್ಟು ಪಾಲು ಎಂದು ಗೊತ್ತುಮಾಡಿಕೊಂಡಿದ್ದರು. ಸುಮಾರು ಹತ್ತು ಲಕ್ಷ ರೂಪಾಯಿ ಸಿಕ್ಕಿತು, ಹಂಚಿಕೊಂಡರು. ಅವರನ್ನು ಯಾರೂ ಕಡಲುಗಳ್ಳರೆಂದು ಬರೆಯಲಿಲ್ಲ. ಮರುವರ್ಷವೇ ಕ್ಲೈವ್ ಪ್ಲಾಸಿಯಲ್ಲಿದ್ದ. ತುಳಾಜಿ ಪೇಶ್ವೆಯ ಸೆರೆಯಲ್ಲೇ ಸತ್ತ.

ರಾತ್ರಿ ಊಟಕ್ಕೆ ಮೀನುಸಾರು, ಸೋಲ್‌ಕಡಿ. ಮಾವ ಅರ್ಧಕ್ಕೇ ಎದ್ದರು. “ಎಲ್ಲ ಬೋಟನ್ನೂ ಒಂದೇ ಕಡೆ ಕಟ್ಟಿದ್ರಲ್ಲ ತಮಾ” ಎಂದು ಎರಡು ಸಲ ಹೇಳಿದರು. ಅವರ ಕಾಲದಲ್ಲಿ ಧಕ್ಕೆಯಲ್ಲಿ ಒಮ್ಮೆ ಬೆಂಕಿ ಬಿದ್ದು ಸಾಲು ಬೋಟುಗಳು ಹೋದದ್ದು ನನಗೆ ಆಮೇಲೆ ನೆನಪಾಯಿತು.

ಆರನೇ ದಿನ: ಹರ್ಣೈ

ದಿನವೆಲ್ಲ ದಾರಿಯೇ. ಜಯಗಡದಲ್ಲಿ ಒಂದು, ದಾಭೋಳದಲ್ಲಿ ಒಂದು, ಹೀಗೆ ಎರಡು ಕಡೆ ಕಾರನ್ನು ಫೆರ್ರಿಗೆ ಹಾಕಿ ಕೊಲ್ಲಿ ದಾಟಿದೆವು. ಹರ್ಣೈ ಮುಟ್ಟುವಾಗ ಮೀನಿನ ಹರಾಜು ನಡೆಯುತ್ತಿತ್ತು, ಸುವರ್ಣದುರ್ಗಕ್ಕೆ ಹೋಗುವ ಬೋಟು ತಪ್ಪಿತು. ದಡದಿಂದಲೇ ಕೋಟೆ ನೋಡಿದೆವು. 1755ರಲ್ಲಿ ಇದನ್ನು ಹಿಡಿದ ಕಮಡೋರ್ ವಿಲಿಯಂ ಜೇಮ್ಸ್ ಸತ್ತ ಮೇಲೆ ಅವನ ಹೆಂಡತಿ ಲಂಡನ್ನಿನ ಶೂಟರ್ಸ್ ಹಿಲ್ ಮೇಲೆ 1784ರಲ್ಲಿ ಒಂದು ಗೋಪುರ ಕಟ್ಟಿಸಿದಳು. ಹೆಸರು ಸೆವರ್ನ್‌ಡ್ರೂಗ್, ನಮ್ಮ ‘ಸುವರ್ಣದುರ್ಗ’ ಅವರ ನಾಲಿಗೆಯಲ್ಲಿ ಹಾಗಾಗಿದೆ. ಅದು ಈಗಲೂ ಇದೆ.

ಏಳನೇ ದಿನ: ಅಲಿಬಾಗ್

ಊರೊಳಗೆ ಕಾನ್ಹೋಜಿಯ ಸಮಾಧಿ. ಮಾವ ಚಪ್ಪಲಿ ಬಿಟ್ಟು ಕೈಮುಗಿದರು. ಅಲ್ಲಿಂದ ಕಡಲದಂಡೆಗೆ. ಕುಲಾಬಾ ಕೋಟೆಗೆ ಇಳಿತದ ಹೊತ್ತಿನಲ್ಲಿ ನಡೆದೇ ಹೋಗಬಹುದು, ಕುದುರೆಗಾಡಿಗಳೂ ಇವೆ. ನಾವು ಒದ್ದೆ ಮರಳಿನ ಮೇಲೆ ನಡೆದೆವು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಂದಾಗಿ ಈ ಕೋಟೆಯ ಮೇಲೆ ಬಂದು ಸೋತುಹೋದರು.

ಒಳಗೆ ಗಣಪತಿ ಗುಡಿ, ಸಿಹಿನೀರಿನ ಕೊಳ. ನನ್ನ ಮನಸ್ಸಿನಲ್ಲಿದ್ದವಳು ಕ್ಯಾಥರೀನ್. ಹದಿನೆಂಟು ತುಂಬುವ ಮೊದಲೇ ಎರಡು ಸಲ ಗಂಡನನ್ನು ಕಳೆದುಕೊಂಡು, ಹೊಟ್ಟೆಯಲ್ಲಿ ಕೂಸು ಹೊತ್ತು ಆಂಗ್ರೆಯ ಸೆರೆಯಲ್ಲಿ ಕೂತಿದ್ದವಳು. 1713ರ ಫೆಬ್ರುವರಿಯಲ್ಲಿ 30,000 ರೂಪಾಯಿ ಒತ್ತೆಹಣ ಬಂದ ಮೇಲೆ ಬಿಡುಗಡೆಯಾಯಿತು. ಆಮೇಲೆ ಮೂರನೇ ಮದುವೆ, ವಿಲಿಯಂ ಗಿಫರ್ಡ್ ಜೊತೆ. ಕೇರಳದ ಅಂಜುತೆಂಗಿನಲ್ಲಿ ಅವನ ದಬ್ಬಾಳಿಕೆ ತಾಳದೆ 1721ರಲ್ಲಿ ಜನ ತಿರುಗಿಬಿದ್ದು ಅವನನ್ನೂ ಕೊಂದರು, ಅವಳು ದೋಣಿಯಲ್ಲಿ ಮದ್ರಾಸಿಗೆ ತಪ್ಪಿಸಿಕೊಂಡಳು. ಕಾರವಾರದಲ್ಲಿ ಹಡಗಿನಿಂದ ಇಳಿದ ಆ ಹುಡುಗಿಯನ್ನು ಯಾರೂ ಏನೂ ಕೇಳಿರಲಿಲ್ಲ.

“ನೀರು ತಿರುಗ್ತು, ನಡಿ” ಅಂದರು ಮಾವ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ದಾರಿ ಅರ್ಧ ಮುಗಿಯುವಾಗ ನೀರು ಕಣಕಾಲಿಗೆ ಬಂದಿತ್ತು, ದಡ ಮುಟ್ಟುವಾಗ ಮೊಣಕಾಲಿಗೆ. ಮಾವ ಮೊದಲು ಜೇಬು ಮುಟ್ಟಿ ನೋಡಿಕೊಂಡರು. ಕೊಟ್ಟೆಯೊಳಗೆ ಕಾರ್ಡು ಒಣಗಿಯೇ ಇತ್ತು.

“2008ರ ನಂತರ ಇದು ಬಂದದ್ದು” ಎಂದರು. “ಮುಂಬೈಗೆ ಬಂದವರು ಮೀನು ಹಿಡಿಯೋ ಬೋಟನ್ನೇ ಅಪಹರಿಸಿ ಬಂದ್ರಲ್ಲ, ಆಮೇಲೆ ನಮ್ಮನ್ನೆಲ್ಲ ನಿಲ್ಲಿಸಿ ಕೇಳಲಿಕ್ಕೆ ಶುರು ಮಾಡಿದ್ರು.”

“ಯಾವತ್ತಾದರೂ ಕಾರ್ಡು ಮರೆತು ಹೋಗಿದ್ರಾ ಮಾವ?”

“ಒಂದು ಸಲ. ಕಾವಲು ಬೋಟು ಪಕ್ಕಕ್ಕೆ ಬಂತು. ಯಾರು ನೀವು ಅಂತ ಕೇಳಿದ್ರು.”

“ಏನಂದ್ರಿ?”

ಮಾವ ಪಂಚೆಯ ತುದಿ ಹಿಂಡುತ್ತಾ ಕೋಟೆಯ ಕಡೆ ನೋಡಿದರು. ನಾವು ನಡೆದು ಬಂದ ದಾರಿಯ ಮೇಲೆ ಆಗಲೇ ಸಣ್ಣ ಅಲೆಗಳು ಆಡುತ್ತಿದ್ದವು.

“ಹೊನ್ನಾವರದವ ಅಂದೆ.”